ಯಜಮಾನರು ಒಳಗೆ ಹೋಗಿ ನೋಡಿ ಬರುವವರೆಗೆ

ಮದುವೆಯಾದ ಮೇಲೆ ನಾನು ಬೇಕಾದಷ್ಟು ಊರುಗಳ ಹೋಟೆಲುಗಳನ್ನು ನೋಡಿದ್ದೇನೆ. ಮುಕ್ಕಾಲು ಪಾಲನ್ನು ನೋಡಿದ್ದು ಹೊರಗಡೆಯಿಂದ.

ಶಂಕರಪುರದ ನಮ್ಮ ಮನೆಯ ಪದ್ಧತಿಯೇ ಹಾಗೆ. ಪರವೂರಿನಲ್ಲಿ ಊಟದ ಹೊತ್ತಾದರೆ ಹೆಂಗಸರು ಬ್ಯಾಗು, ಫ್ಲಾಸ್ಕು ಹಿಡಿದುಕೊಂಡು ಫುಟ್‌ಪಾತಿನ ಮೇಲೆ ನಿಲ್ಲಬೇಕು. ಯಜಮಾನರು ಒಳಗೆ ಹೋಗಬೇಕು. ಗಲ್ಲಾದ ಹತ್ತಿರ ನಿಂತು ಮೂರು ಪ್ರಶ್ನೆ ಕೇಳಬೇಕು: ಪ್ಯೂರ್ ವೆಜ್ಜಾ? ಅಡುಗೆಯವರು ಎಲ್ಲಿಯವರು? ಬೆಳ್ಳುಳ್ಳಿ ಹಾಕ್ತೀರಾ? ಆಮೇಲೆ ಅಡುಗೆಮನೆಯ ಬಾಗಿಲಿಗೆ ಹೋಗಿ ಇಣುಕಬೇಕು. ಕೈ ತೊಳೆಯುವ ಜಾಗ ನೋಡಬೇಕು. ಪಾಪ, ತಮ್ಮ ಪಾಡಿಗೆ ಉಣ್ಣುತ್ತಾ ಕೂತವರ ಎಲೆಗಳ ಮೇಲೂ ಒಂದು ಸಲ ಕಣ್ಣು ಹಾಯಿಸಬೇಕು. ಹೊರಗೆ ಬಂದು, ನಮ್ಮ ಕಡೆ ನೋಡಿ, ತಲೆ ಆಡಿಸಬೇಕು. ಮೇಲೆ ಕೆಳಗೆ ಆಡಿಸಿದರೆ ಊಟ. ಅಡ್ಡಡ್ಡ ಆಡಿಸಿದರೆ ಮುಂದಿನ ಹೋಟೆಲಿನ ಫುಟ್‌ಪಾತು. ಕೋರ್ಟಿನ ತೀರ್ಪಿಗಾದರೂ ಅಪೀಲು ಅಂತ ಒಂದಿರುತ್ತದೆ. ಆ ತಲೆಗೆ ಇರಲಿಲ್ಲ.

ಹೊಸದಾಗಿ ಮದುವೆಯಾದಾಗ ಇದನ್ನು ನಾನು ಪ್ರೀತಿ ಎಂದುಕೊಂಡಿದ್ದೆ. ಹೌ ಪ್ರೊಟೆಕ್ಟಿವ್! ಮದರಾಸಿನ ಬಿಸಿಲಿನಲ್ಲಿ ನಾಲ್ಕನೇ ಹೋಟೆಲಿನ ಮುಂದೆ ನಿಂತಾಗ ಆ ಅಭಿಪ್ರಾಯ ಸ್ವಲ್ಪ ಕರಗಿತು.

ತೊಂಬತ್ತರ ದಶಕದ ನಡುವೆ ಒಂದು ವರ್ಷ ಯಜಮಾನರಿಗೆ ಬ್ಯಾಂಕಿನಿಂದ ಎಲ್‌ಟಿಸಿ ಬಂತು. ಬ್ಯಾಂಕಿನವರು ತಮ್ಮ ಖರ್ಚಿನಲ್ಲಿ ಊರು ಸುತ್ತಿ ಬನ್ನಿ ಎಂದು ಕಳಿಸುವ ಆ ಸೌಭಾಗ್ಯವನ್ನು ನಾವು ಅಲ್ಲಿಯವರೆಗೆ ಬಹಳ ಎಂಜಾಯ್ ಮಾಡಿದ್ದೆವು: ಒಂದು ಸಲ ಕಾಶಿ, ಒಂದು ಸಲ ತಿರುಪತಿ, ಒಂದು ಸಲ ರಾಮೇಶ್ವರ. ಈ ಸಲ ನಾನು ಬಾಯಿ ಬಿಟ್ಟು ಹೇಳಿದೆ, ಗೋವಾ.

ನನಗೆ ಬೇಕಾಗಿದ್ದು ಒಂದೇ. ಸಮುದ್ರದ ಪಕ್ಕದಲ್ಲಿ, ಬಿಳಿ ಬಟ್ಟೆ ಹಾಸಿದ ಟೇಬಲ್ಲಿನ ಮುಂದೆ, ಒಂದು ಸಂಜೆ ಕುರ್ಚಿಯಲ್ಲಿ ಕೂತು, ಇನ್ಯಾರೋ ಮಾಡಿದ್ದನ್ನು ಇನ್ಯಾರೋ ತಂದುಕೊಡಬೇಕು, ನಾನು ತಿನ್ನಬೇಕು. ರಾಮೇಶ್ವರದಲ್ಲಿ ಸಮುದ್ರ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಅದರಲ್ಲಿ ಮೂರು ಸಲ ಮುಳುಗಿ, ಒದ್ದೆ ಸೀರೆಯಲ್ಲೇ ಓಡಿ, ಇಪ್ಪತ್ತೆರಡು ಬಾವಿಯ ನೀರು ತಲೆಯ ಮೇಲೆ ಹೊಯ್ಯಿಸಿಕೊಂಡಿದ್ದೆ. ವೆರಿ ಹೋಲಿ. ಸಮುದ್ರವನ್ನು ನೋಡುತ್ತಾ ಕೂರಲು ಪುರುಸೊತ್ತು ಸಿಕ್ಕಿರಲಿಲ್ಲ, ಅಷ್ಟೆ. ಆಗ ನನಗೆ ಐವತ್ತೆರಡು. ಇನ್ನೊಂದು ಎಲ್‌ಟಿಸಿ ಬರುವ ಹೊತ್ತಿಗೆ ಯಜಮಾನರು ರಿಟೈರ್ ಆಗಿರುತ್ತಿದ್ದರು. ಅಂದರೆ ಇದು ಲಾಸ್ಟ್ ಚಾನ್ಸು.

ನಮ್ಮ ಜೊತೆ ಯಜಮಾನರ ಅಕ್ಕನೂ ಇದ್ದರು. ಚಾಮರಾಜಪೇಟೆಯ ಒಂದು ಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ರಿಟೈರ್ ಆದವರು. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಜೊತೆಯಲ್ಲೇ ಇದ್ದವರು. ಈರುಳ್ಳಿ, ಬೆಳ್ಳುಳ್ಳಿ ಯಾವತ್ತೂ ಬಾಯಿಗೆ ಹಾಕಿದವರಲ್ಲ. ಗೋವಾ ಎಂದ ಕೂಡಲೇ ಅವರು ತಮ್ಮನನ್ನು ಒಂದೇ ಒಂದು ಕೇಳಿದರು.

"ಅಲ್ಲಿ ದೇವಸ್ಥಾನ ಇದೆಯೇನೋ?"

"ಇದೆ ಅಕ್ಕ, ದೊಡ್ಡದಿದೆಯಂತೆ."

"ಹಾಗಾದ್ರೆ ಸರಿ. ನಾನೂ ಬರ್ತೀನಿ."

ಹೀಗೆ ಗೋವಾ ಕೂಡ ಪುಣ್ಯಕ್ಷೇತ್ರವಾಯಿತು.

ನಾನು ಸುಮ್ಮನಿರಲಿಲ್ಲ. ಗಾಂಧಿ ಬಜಾರಿನ ಲೈಬ್ರರಿಯಿಂದ ತಂದ ಇಂಗ್ಲಿಷ್ ಮ್ಯಾಗಜಿನ್ನಿನಲ್ಲಿ ಗೋವಾದ ಸಮುದ್ರದ ದಂಡೆಯ ರೆಸ್ಟೋರೆಂಟುಗಳ ಬಗ್ಗೆ ಎರಡು ಪುಟ ಬಂದಿತ್ತು. ಯಾವುದರಲ್ಲಿ ಮ್ಯೂಸಿಕ್ ಚೆನ್ನಾಗಿರುತ್ತದೆ, ಎಲ್ಲಿ ಕೂತರೆ ಅಲೆಗಳು ಕಾಲಿನ ಹತ್ತಿರಕ್ಕೇ ಬರುತ್ತವೆ, ಯಾವ ಬೀಚ್ ಕ್ಲಬ್ಬಿಗೆ ಎಷ್ಟು ಹೊತ್ತಿಗೆ ಹೋಗಬೇಕು, ಎಲ್ಲಾ ಬರೆದಿದ್ದರು. ಆ ಪುಟಗಳನ್ನು ಕತ್ತರಿಸಿ ಇಟ್ಟುಕೊಂಡೆ. ಲೈಬ್ರರಿಯವರು ಕ್ಷಮಿಸಲಿ, ಕಾನ್ವೆಂಟಿನಲ್ಲಿ ಓದಿದವಳು ಮಾಡಿದ ಏಕೈಕ ಕಳ್ಳತನ ಅದು. ಒಂದು ಭಾನುವಾರ ಕಾಫಿ ಕೊಡುತ್ತಾ ಯಜಮಾನರಿಗೆ ಓದಿ ಹೇಳಿದೆ.

"ಇದಕ್ಕೆ ನೋಡಿ, ಸನ್‌ಸೆಟ್‌ಗೇ ಐದು ಸ್ಟಾರ್ ಕೊಟ್ಟಿದಾರೆ."

"ಸೂರ್ಯ ಮುಳುಗೋದ್ರಲ್ಲಿ ಹೋಟೆಲಿನೋನದೇನು ಹೆಚ್ಚುಗಾರಿಕೆ?" ಎಂದರು ಪೇಪರಿನ ಹಿಂದಿನಿಂದ. "ಅಡುಗೆ ಎಣ್ಣೆ ಯಾವುದು ಅಂತ ಬರೆದಿದಾರಾ ನೋಡು."

ಬರೆದಿರಲಿಲ್ಲ. ಆದ್ದರಿಂದ ಆ ಲೇಖಕರು ಬೇಜವಾಬ್ದಾರಿ ಮನುಷ್ಯರೆಂದು ತೀರ್ಮಾನವಾಯಿತು. ನಾವು ಹೊರಟಾಗ ನಮ್ಮ ಸಾಮಾನಿನಲ್ಲಿ ಎಲೆಕ್ಟ್ರಿಕ್ ಕುಕ್ಕರು, ಸೋನಾಮಸೂರಿ ಅಕ್ಕಿ, ಹುಳಿಪುಡಿ, ಚಟ್ನಿಪುಡಿ, ಗೊಜ್ಜವಲಕ್ಕಿ, ಕೋಡುಬಳೆ, ಒಂದು ಸಣ್ಣ ಬಾಟಲಿ ತುಪ್ಪ ಇದ್ದವು. ಬೀಚ್ ಹಾಲಿಡೇಗೆ ಬೇಕಾದದ್ದೆಲ್ಲಾ.

ಮೊದಲನೇ ದಿನ ದೇವಸ್ಥಾನ. ಊಟ ಲಾಡ್ಜಿನ ರೂಮಿನಲ್ಲಿ, ಕುಕ್ಕರಿನದ್ದು. ನಾನೇ ಮಾಡಿ ನಾನೇ ಬಡಿಸಿದೆ. ವ್ಯತ್ಯಾಸವೆಂದರೆ ಮಂಚದ ಮೇಲೆ ಕೂತು.

ಎರಡನೇ ದಿನ ಸಂಜೆ ಪಣಜಿಯಲ್ಲಿ ಹೊಳೆಯ ಬದಿಯ ಒಂದು ರೆಸ್ಟೋರೆಂಟು. ನನ್ನ ಪುಟಗಳಲ್ಲಿ ಅದಕ್ಕೆ ಎರಡನೇ ಸ್ಥಾನ. ನೀರಿನ ಮೇಲಕ್ಕೆ ಚಾಚಿದ ಮರದ ಅಟ್ಟ, ಸಾಲಾಗಿ ಕಾಗದದ ದೀಪಗಳು. ನಾವಿಬ್ಬರೂ ಯಥಾಪ್ರಕಾರ ರಸ್ತೆಯಲ್ಲಿ. ಯಜಮಾನರು ಒಳಗೆ ಹೋದವರು ಎರಡೇ ನಿಮಿಷಕ್ಕೆ ಮೂಗಿಗೆ ಕರ್ಚೀಫು ಹಿಡಿದುಕೊಂಡು ಬಂದರು.

"ಬಾಗಿಲಲ್ಲೇ ಗಾಜಿನ ತೊಟ್ಟೀಲಿ ಏಡಿ ಇಟ್ಟಿದಾನೆ ಕಣೆ. ಜೀವಂತ! ನನ್ನೇ ನೋಡ್ತು."

"ರಾಮ ರಾಮ," ಎಂದರು ಅಕ್ಕ. "ಕಾಲು ತೊಳ್ಕೊಂಡ್ಯೇನೋ?"

ಮೂರನೇ ದಿನ ಐದು ಕಡೆ ನಿಂತೆವು. ಒಂದು ಕಡೆ ಬಾರ್ ಇತ್ತು. ಒಂದು ಕಡೆ ಮೆನುವಿನಲ್ಲಿ ವೆಜ್ ಎಂಬ ತಲೆಬರಹದ ಕೆಳಗೆ ಆಮ್ಲೆಟ್ ಬರೆದಿದ್ದರು. ಇನ್ನೊಂದು ಕಡೆ ಮ್ಯಾನೇಜರು ಬಹಳ ವಿನಯದಿಂದ, ಪಾತ್ರೆ ಬೇರೆ ಇಲ್ಲ, ಆದರೆ ನಿಮಗೋಸ್ಕರ ಚೆನ್ನಾಗಿ ತೊಳೆಸುತ್ತೇವೆ ಎಂದರಂತೆ. "ತೊಳೆಸ್ತಾನಂತೆ!" ಎಂದು ಯಜಮಾನರು ಅರ್ಧ ಫರ್ಲಾಂಗು ಗೊಣಗಿದರು. ಕೊನೆಗೆ ಅವರ ತಲೆ ಮೇಲೆ ಕೆಳಗೆ ಆಡಿದ್ದು ಬಸ್‌ಸ್ಟ್ಯಾಂಡಿನ ಎದುರಿನ ಒಂದು ಉಡುಪಿ ಹೋಟೆಲಿನಲ್ಲಿ. ಮೊಸರನ್ನ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ನನ್ನ ಎದುರಿಗೇ ಕೈ ತೊಳೆಯುವ ಬೇಸಿನ್ನು, ಅದರ ನಲ್ಲಿ ಸೋರುತ್ತಿತ್ತು. ಗೋವಾದಲ್ಲಿ ನನಗೆ ಸಿಕ್ಕ ಮೊದಲ ವಾಟರ್‌ಫ್ರಂಟ್ ಡೈನಿಂಗ್ ಅದು.

ನಾಲ್ಕನೇ ದಿನ ಕೊನೆಯ ದಿನ. ಮಾರನೇ ಬೆಳಿಗ್ಗೆ ಬಸ್ಸು. ಸಂಜೆ ಐದೂವರೆಯ ಹೊತ್ತಿಗೆ ಬೀಚಿನಲ್ಲಿ ನಡೆಯುತ್ತಾ ಹೋಗುತ್ತಿದ್ದಾಗ ನನ್ನ ಪುಟಗಳ ಮೊದಲನೇ ಸ್ಥಾನದ ಕ್ಲಬ್ಬೇ ಎದುರಾಯಿತು. ಎದುರಾಯಿತು ಅನ್ನುವುದೂ ಪೂರ್ತಿ ನಿಜವಲ್ಲ. ಮಧ್ಯಾಹ್ನದಿಂದ ನಾನೇ ಎಲ್ಲರನ್ನೂ ಆ ದಿಕ್ಕಿಗೆ ನಡೆಸಿಕೊಂಡು ಬಂದಿದ್ದೆ. ಮರಳಿನ ಮೇಲೆ ಗೂಟ ನೆಟ್ಟು, ದಪ್ಪ ಹಗ್ಗ ಕಟ್ಟಿ, ಒಳಗೆ ಬೆತ್ತದ ಕುರ್ಚಿ, ಬಿಳಿ ಬಟ್ಟೆ ಹಾಸಿದ ಟೇಬಲ್ಲು ಹಾಕಿದ್ದರು. ನಾನು ಇಲ್ಲೇ ನೋಡೋಣ್ವಾ ಅಂದೆ. ಯಜಮಾನರು ಬ್ಯಾಗನ್ನು ನನ್ನ ಕೈಗೆ ಕೊಟ್ಟು, ಕನ್ನಡಕ ಸರಿ ಮಾಡಿಕೊಂಡು ಹೊರಟರು.

ಅಷ್ಟರಲ್ಲಿ ಅಕ್ಕ ತಮ್ಮನ ಶರಟಿನ ತೋಳು ಹಿಡಿದರು.

"ನೀನು ಹೋಗ್ಬೇಡ ಕಣೋ."

"ಯಾಕಕ್ಕ?"

"ಅಲ್ಲಿ ಹೆಂಗಸರು ಹೇಗೆ ಮಲ್ಗಿದಾರೆ ನೋಡು, ಮೈ ಮೇಲೆ ಬಟ್ಟೆಯೇ ಇಲ್ದೆ. ಅವರ ಮಧ್ಯೆ ನಡ್ಕೊಂಡು ಹೋಗ್ತೀಯಾ ನೀನು?"

ಯಜಮಾನರು ನೋಡಿದರು. ಅಕ್ಕ ನೋಡು ಅಂದಿದ್ದಕ್ಕೆ ನೋಡಿದರು, ಇಲ್ಲದಿದ್ದರೆ ನೋಡುತ್ತಿರಲಿಲ್ಲ. ಐವತ್ತೇಳು ವರ್ಷದ ಸೀನಿಯರ್ ಮ್ಯಾನೇಜರು ಕಿವಿ ಕೆಂಪಗೆ ಮಾಡಿಕೊಂಡು ನಿಂತರು.

"ಅವಳು ಹೋಗ್ಲಿ," ಎಂದರು ಅಕ್ಕ. "ಹೇಗೂ ಇಂಗ್ಲಿಷ್ ಬರುತ್ತಲ್ಲ."

ತಮ್ಮನ ಶೀಲ ಕಾಪಾಡಲು ಅಕ್ಕ ತೆಗೆದುಕೊಂಡ ಆ ನಿರ್ಧಾರಕ್ಕೆ ನಾನು ಇವತ್ತಿಗೂ ಋಣಿ. ಬ್ಯಾಗನ್ನು ಯಜಮಾನರಿಗೇ ವಾಪಸ್ ಕೊಟ್ಟು, ಸೀರೆಯ ನೆರಿಗೆ ಎತ್ತಿಕೊಂಡು, ಮೂರೂ ಪ್ರಶ್ನೆಗಳನ್ನು ಮನಸ್ಸಿನಲ್ಲೇ ಇಂಗ್ಲಿಷಿಗೆ ಮಾಡಿಕೊಳ್ಳುತ್ತಾ ಹಗ್ಗ ದಾಟಿದೆ.

ಒಳಗೆ ನರೆತ ಕೂದಲಿನ ಒಬ್ಬ ಸ್ಟೂವರ್ಡ್ ಎದುರು ಬಂದ. ಅಡುಗೆಮನೆ ನೋಡಬೇಕಿತ್ತು ಎಂದೆ. ಅವನು ಆಶ್ಚರ್ಯಪಡಲಿಲ್ಲ. ನೋಡಬಹುದು ಮ್ಯಾಡಮ್, ಆದರೆ ದಣಿದಿದ್ದೀರಿ, ಮೊದಲು ಕೂತುಕೊಳ್ಳಿ ಎಂದು ಕುರ್ಚಿ ಎಳೆದ.

ಕೂತೆ. ಏನು ಮಾಡಲಿ? ಇಷ್ಟು ವರ್ಷದಲ್ಲಿ ಯಾವ ಹೋಟೆಲಿನ ಮುಂದೆಯೂ ನನಗೆ ಯಾರೂ ಮೊದಲು ಕೂತುಕೋ ಅಂದಿರಲಿಲ್ಲ. ಕುರ್ಚಿ ಸಮುದ್ರದ ಕಡೆಗೇ ಇತ್ತು. ಸೂರ್ಯ ನೀರಿನಿಂದ ಒಂದು ಗೇಣು ಮೇಲಿದ್ದ. ಸ್ಟೂವರ್ಡ್ ತಾನಾಗಿಯೇ ಒಂದು ಫ್ರೆಶ್ ಲೈಮ್ ಸೋಡಾ ತಂದಿಟ್ಟ. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಖಾಲಿ ತಟ್ಟೆ ಇಟ್ಟು ಟೇಬಲ್ ಮ್ಯಾನರ್ಸ್ ಕಲಿಸುತ್ತಿದ್ದರು: ಬೆನ್ನು ನೇರ, ಮೊಣಕೈ ಕೆಳಗೆ, ನ್ಯಾಪ್ಕಿನ್ ತೊಡೆಯ ಮೇಲೆ. ನಲವತ್ತು ವರ್ಷದ ನಂತರ ಆ ವಿದ್ಯೆ ಉಪಯೋಗಕ್ಕೆ ಬಂತು. ನ್ಯಾಪ್ಕಿನ್ ಬಿಡಿಸಿ ತೊಡೆಯ ಮೇಲೆ ಹಾಕಿಕೊಂಡು, ಬೆನ್ನು ನೇರ ಮಾಡಿ, ಸಮುದ್ರವನ್ನು ನೋಡಿದೆ. ಅಳು ಬಂದಹಾಗಾಯಿತು. ಸಿಲ್ಲಿ. ಲೈಮ್ ಸೋಡಾಕ್ಕೆ ಯಾರಾದರೂ ಅಳುತ್ತಾರೆಯೇ?

ಸ್ವಲ್ಪ ಹೊತ್ತಿನ ಮೇಲೆ ಕರ್ತವ್ಯ ನೆನಪಾಗಿ ಸ್ಟೂವರ್ಡನ್ನು ಕೇಳಿದೆ. ಅವನು ಮುಚ್ಚುಮರೆ ಮಾಡಲಿಲ್ಲ. ಒಂದೇ ಒಲೆ, ಒಂದೇ ಎಣ್ಣೆ, ಮೀನು ಹುರಿದದ್ದರಲ್ಲೇ ಆಲೂಗಡ್ಡೆ. "ಬೆಳ್ಳುಳ್ಳಿ?" ಎಂದೆ. "ಐಸ್‌ಕ್ರೀಮ್ ಬಿಟ್ಟು ಎಲ್ಲದಕ್ಕೂ ಹಾಕ್ತೇವೆ ಮ್ಯಾಡಮ್," ಎಂದ.

ತಿರುಗಿ ನೋಡಿದೆ. ಹಗ್ಗದ ಆಚೆ ಅವರಿಬ್ಬರೂ ನಿಂತಿದ್ದರು. ಯಜಮಾನರ ಒಂದು ಹೆಗಲಲ್ಲಿ ಬ್ಯಾಗು, ಒಂದು ಕೈಯಲ್ಲಿ ಫ್ಲಾಸ್ಕು. ಒಂದು ಕಾಲಿನ ಭಾರ ಇನ್ನೊಂದು ಕಾಲಿಗೆ ಬದಲಾಯಿಸುತ್ತಾ ವಾಚು ನೋಡಿಕೊಳ್ಳುತ್ತಿದ್ದರು. ನಾನು ನೋಡಿದ್ದು ಕಂಡು ಗದ್ದ ಎತ್ತಿ, ಏನು, ಎಂದು ಸನ್ನೆ ಮಾಡಿದರು.

ತಲೆಯನ್ನು ಒಂದು ಸಲ ಮೇಲೆ ಕೆಳಗೆ ಆಡಿಸಿದ್ದರೆ ಸಾಕಿತ್ತು. ಇಬ್ಬರೂ ನಂಬಿ ಬಂದುಬಿಡುತ್ತಿದ್ದರು. ನನ್ನ ಸಂಜೆ ನನಗೆ ಸಿಗುತ್ತಿತ್ತು. ಮೀನಿನ ಎಣ್ಣೆಯ ಆಲೂಗಡ್ಡೆ ಅಕ್ಕನ ಎದುರಿಗೆ ಬರುತ್ತಿತ್ತು. ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಆದರೆ ಊಟದ ವಿಷಯದಲ್ಲಿ ಅವರು ನಂಬಿದ್ದು ಜಗತ್ತಿನಲ್ಲಿ ಇಬ್ಬರನ್ನೇ, ತಮ್ಮನನ್ನು ಮತ್ತು ನನ್ನನ್ನು. ಆಡಿಸಲಿಕ್ಕೆ ತಲೆ ಬರಲಿಲ್ಲ. ಎದ್ದು ಹಗ್ಗದವರೆಗೆ ಹೋದೆ.

"ಆಗಲ್ಲ ರೀ. ಒಂದೇ ಒಲೆ, ಒಂದೇ ಎಣ್ಣೆ."

"ನನಗೆ ಗೊತ್ತಿತ್ತು," ಎಂದು ಯಜಮಾನರು ಬ್ಯಾಗನ್ನು ಮೇಲಕ್ಕೆ ಎಳೆದುಕೊಂಡರು. "ನಡಿ, ರೂಮಲ್ಲಿ ಅನ್ನಕ್ಕಿಟ್ರೆ ಆಯ್ತು."

"ನೀವು ನಡೀರಿ. ನಾನು ಇಲ್ಲಿ ತಿಂದು ಬರ್ತೀನಿ."

"ಏನ್ ತಿಂತೀಯಾ ಇಲ್ಲಿ?"

"ಬ್ರೆಡ್ಡು, ಬೆಣ್ಣೆ. ಹಣ್ಣು. ಎನಿಥಿಂಗ್. ತಿನ್ನೋದಲ್ಲ ರೀ ಮುಖ್ಯ. ನನಗೆ ಕೂತ್ಕೋಬೇಕು."

ಯಜಮಾನರಿಗೆ ಅರ್ಥವಾಗಲಿಲ್ಲ. ನನ್ನನ್ನೂ, ನನ್ನ ಹಿಂದಿನ ಖಾಲಿ ಕುರ್ಚಿಯನ್ನೂ, ಅರ್ಧ ಕುಡಿದ ಸೋಡಾವನ್ನೂ ನೋಡಿದರು. ತೀರ್ಪು ಕೊಟ್ಟ ಮೇಲೂ ಯಾರಾದರೂ ಅಲ್ಲೇ ಕೂರುತ್ತೇನೆ ಅನ್ನಬಹುದು ಎಂಬುದು ಅವರ ಅನುಭವಕ್ಕೆ ಬಂದಿರಲಿಲ್ಲ. ನಾನೂ ಹೆದರಿದ್ದೆ. ಅಕ್ಕ ಏನನ್ನುತ್ತಾರೋ ಎಂದು.

ಅಕ್ಕ ತಮ್ಮನ ಕಡೆ ತಿರುಗಿದರು.

"ಏನೋ ಕಂಬದ ಹಾಗೆ ನಿಂತಿದೀಯಾ? ಹೆಂಡ್ತೀನ ಒಬ್ಬಳೇ ಬಿಟ್ಟು ಹೋಗ್ತಾರೇನೋ? ಹೋಗು, ಜೊತೇಲಿ ಕೂತ್ಕೋ."

"ಅಕ್ಕ, ಒಂದೇ ಒಲೆ ಅಂತಿದಾಳೆ!"

"ಒಲೆ ಮೇಲೆ ಕೂತ್ಕೋ ಅಂದ್ನಾ? ಕುರ್ಚಿ ಮೇಲೆ ಕೂತ್ಕೋ."

"ಅಲ್ಲಿ ಆ ಹೆಂಗಸರು..."

"ತಲೆ ಬಗ್ಗಿಸ್ಕೊಂಡು ಹೋಗು."

ಅಕ್ಕ ಮಾತ್ರ ಒಳಗೆ ಬರಲಿಲ್ಲ. ಎಷ್ಟು ಕರೆದರೂ ಬರಲಿಲ್ಲ. ಬ್ಯಾಗಿನಿಂದ ಗೊಜ್ಜವಲಕ್ಕಿಯ ಡಬ್ಬಿ ತೆಗೆದುಕೊಂಡು, ಹಗ್ಗದ ಆಚೆ ಮರಳಿನ ಮೇಲೆ ಟವೆಲ್ ಹಾಸಿ ಕೂತರು. ಸ್ಟೂವರ್ಡ್ ಒಂದು ಕುರ್ಚಿ ಎತ್ತಿಕೊಂಡು ಹೋಗಿ ಅವರ ಪಕ್ಕ ಇಟ್ಟ. "ಇದನ್ನ ಒರೆಸಿದೀರೇನಪ್ಪಾ?" ಎಂದು ಅಕ್ಕ ಕನ್ನಡದಲ್ಲಿ ಕೇಳಿದ್ದು ನನಗೆ ಕೇಳಿಸಿತು. ಅವನಿಗೆ ಅರ್ಥವಾಗದಿದ್ದರೂ ತೋಳಿನ ಮೇಲಿದ್ದ ಬಟ್ಟೆಯಿಂದ ಒರೆಸಿಯೇಬಿಟ್ಟ. ನಿಜ ಹೇಳಬೇಕೆಂದರೆ ಆ ಸಂಜೆ ಸಮುದ್ರಕ್ಕೆ ಅತೀ ಹತ್ತಿರದ ಟೇಬಲ್ಲು ಅವರದ್ದೇ. ಟೇಬಲ್ಲು ಇರಲಿಲ್ಲ, ಅಷ್ಟೆ.

ಯಜಮಾನರು ಕುರ್ಚಿಯ ತುದಿಯಲ್ಲಿ ಕೂತರು, ಯಾವ ಕ್ಷಣದಲ್ಲಾದರೂ ಎದ್ದು ಹೊರಡುವವರ ಹಾಗೆ. ನೀರಿನ ಗ್ಲಾಸನ್ನು ಮೂಸಿ ಪಕ್ಕಕ್ಕಿಟ್ಟರು. ಸಮುದ್ರಕ್ಕೆ ಬೆನ್ನು ಮಾಡಿ, ಅಡುಗೆಮನೆಯ ಬಾಗಿಲನ್ನೇ ಕಾಯುತ್ತಿದ್ದರು, ಅಲ್ಲಿಂದ ಏಡಿ ಎದ್ದು ಬಂದರೆ ಎಂದು. ಅಷ್ಟೆಲ್ಲಾ ಮಾತುಕತೆ ಮುಗಿಯುವ ಹೊತ್ತಿಗೆ ಸೂರ್ಯ ಮುಳುಗಿಯಾಗಿತ್ತು. ಐದು ಸ್ಟಾರಿನ ಸನ್‌ಸೆಟ್ಟು ನಮಗಾಗಿ ಕಾಯಲಿಲ್ಲ. ನೀರಿನ ಮೇಲೆ ಒಂದಿಷ್ಟು ಕೆಂಪು ಉಳಿದಿತ್ತು. ನನಗೆ ಅದೇ ಸಾಕಾಯಿತು.

ಬ್ರೆಡ್ಡು ಬಂತು. ಬೆಣ್ಣೆ, ಪಪಾಯ ಹಣ್ಣು ಬಂತು. ನಾನು ನಿಧಾನವಾಗಿ ತಿಂದೆ, ನಾಚಿಕೆಯಿಲ್ಲದೆ ನಿಧಾನವಾಗಿ. ಯಜಮಾನರು ಬಗ್ಗಿ ತಮ್ಮ ಮೀನಖಂಡವನ್ನು ಒತ್ತಿಕೊಳ್ಳುತ್ತಿದ್ದರು.

"ಏನಾಯ್ತು ರೀ?"

"ಏನಿಲ್ಲ. ಅಷ್ಟು ಹೊತ್ತು ನಿಂತಿದ್ನಲ್ಲ." ಒತ್ತುವುದನ್ನು ನಿಲ್ಲಿಸಿದರು. ಆಮೇಲೆ, ನನ್ನ ಕಡೆ ನೋಡದೆ, "ಹೊರಗೆ ನಿಂತು ಕಾಯ್ತಿದ್ರೆ ಕಾಲು ನೋವು ಬರುತ್ತೆ ಅಲ್ವೇನೆ?" ಎಂದರು.

"ಹೌದಾ?" ಎಂದೆ. "ನನಗೆ ಗೊತ್ತೇ ಇರ್ಲಿಲ್ಲ."

ಅವರು ನಗಲಿಲ್ಲ. ಕುರ್ಚಿಯನ್ನು ಸ್ವಲ್ಪ ಸ್ವಲ್ಪವೇ, ಮರಳಿನಲ್ಲಿ ಅದರ ಕಾಲುಗಳು ಹೂತುಕೊಳ್ಳುತ್ತಿದ್ದರೂ ಬಿಡದೆ, ಸಮುದ್ರದ ಕಡೆಗೆ ತಿರುಗಿಸಿಕೊಂಡರು.