ಎಡಗಡೆ ಸ್ಟೇರಿಂಗಿನ ಕಾರು

ಅವರ ಎಡಗೆನ್ನೆ ಯಾವಾಗಲೂ ಉಬ್ಬಿರುತ್ತಿತ್ತು. ಒಳಗೆ ಅಡಿಕೆ ಹೋಳು, ಅದರ ಜೊತೆಗೆ ಒಂದು ಎಸಳು ಹೊಗೆಸೊಪ್ಪು. ಕ್ಯಾಮೆರಾದ ಹಿಂದೆ ನಿಂತು "ಸ್ವಲ್ಪ ನಗಬೇಕ್ರೀ" ಅನ್ನುವಾಗ ಮಾತು ಆ ಉಬ್ಬನ್ನು ಸುತ್ತಿಕೊಂಡು ಹೊರಗೆ ಬರುತ್ತಿತ್ತು. ಅದನ್ನು ಕೇಳಿಯೇ ಎಂಥ ಬಿಗುಮಾನದ ಮದುಮಗನೂ ನಕ್ಕುಬಿಡುತ್ತಿದ್ದ. ಆ ಉಬ್ಬಿನೊಳಗೆ ಅಡಿಕೆಯಲ್ಲದೆ ಬೇರೇನೋ ಬೆಳೆಯುತ್ತಿದೆ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ದಿನಾ ನೋಡಿದ ಕೆನ್ನೆ, ಹೊಸದಾಗಿ ಏನು ನೋಡುವುದಿತ್ತು?

ಚನ್ನಗಿರಿಯಲ್ಲಿ ಎಲ್ಲರಿಗೂ ಅವರು ಸ್ಟುಡಿಯೋ ಮಾವ. ನನಗೆ ರಕ್ತಸಂಬಂಧವೇನಿಲ್ಲ, ಆದರೂ ಅವರು ಮಾವ, ಅವರ ಹೆಂಡತಿ ಅತ್ತೆ. ಮಕ್ಕಳಿಲ್ಲದ ಆ ಇಬ್ಬರ ಮನೆಯೂ ಸ್ಟುಡಿಯೋವೂ ಒಂದೇ ಕಟ್ಟಡದಲ್ಲಿದ್ದವು. ಮುಂದಿನ ಅಂಗಳದಲ್ಲಿ ತಗಡಿನ ಚಪ್ಪರದ ಕೆಳಗೆ ಒಂದು ಕೆಂಪು ಕಾರು ನಿಂತಿರುತ್ತಿತ್ತು. ಎರಡೇ ಸೀಟಿನ, ತಲೆಯ ಮೇಲೆ ಛಾವಣಿಯಿಲ್ಲದ, ನೆಲಕ್ಕೆ ಹೊಟ್ಟೆ ತಾಗುವಂಥ ವಿದೇಶಿ ಸ್ಪೋರ್ಟ್ಸ್ ಕಾರು. ಶಿವಮೊಗ್ಗದ ಕಡೆ ಯಾವುದೋ ಶ್ರೀಮಂತರ ಮನೆಯಲ್ಲಿ ಎಂಜಿನ್ ಕೆಟ್ಟು ಮೂಲೆಗೆ ಬಿದ್ದಿದ್ದನ್ನು ಮಾವ ಪ್ರಾಯದಲ್ಲಿ ಕೊಂಡು, ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದಿದ್ದರು. ಅದು ಓಡಿದ್ದನ್ನು ಅವರೂ ನೋಡಿದವರಲ್ಲ. ಓಡಿಸಲೆಂದು ಕೊಂಡದ್ದೂ ಅಲ್ಲ, ಮದುವೆಯಾದವರನ್ನು ಕೂರಿಸಿ ಫೋಟೋ ತೆಗೆಯಲು ಕೊಂಡದ್ದು.

ಅದರ ಸ್ಟೇರಿಂಗ್ ಎಡಗಡೆ ಇತ್ತು. ನಮ್ಮಲ್ಲಿ ಹೆಂಡತಿ ಗಂಡನ ಎಡಕ್ಕೆ ಕೂರಬೇಕು. ಹೀಗಾಗಿ ನಲ್ಲೂರು, ಬಸವಾಪಟ್ಟಣ, ಅತ್ತ ಹೊನ್ನಾಳಿ, ನ್ಯಾಮತಿ, ಜಗಳೂರಿನ ತನಕ ಆ ಕಾಲದಲ್ಲಿ ಮದುವೆಯಾದವರ ಮನೆಗಳಲ್ಲಿ ಒಂದು ವಿಚಿತ್ರ ಫೋಟೋ ನೇತಾಡುತ್ತದೆ: ಬಾಸಿಂಗ ಕಟ್ಟಿದ ಮದುಮಗಳು ಸ್ಟೇರಿಂಗ್ ಹಿಡಿದಿದ್ದಾಳೆ, ಗಂಡ ಪಕ್ಕದಲ್ಲಿ ಕೈಕಟ್ಟಿಕೊಂಡು ಕೂತಿದ್ದಾನೆ. ಬೀಗರು ಗೊಣಗದೆ ಬಿಡುತ್ತಿರಲಿಲ್ಲ. ಮಾವ ಅಡಿಕೆಯನ್ನು ಕೆನ್ನೆಯ ಮೂಲೆಗೆ ಸರಿಸಿ ಬಹಳ ವಿನಯದಿಂದ ಹೇಳುತ್ತಿದ್ದರು. "ಬಲಕ್ಕೆ ಕೂರಿಸ್ರಿ ಅಂದ್ರೆ ಕೂರಿಸ್ತೀನ್ರಿ, ನಂದೇನೈತೆ? ಆದ್ರೆ ಶಾಸ್ತ್ರ ಬಿಟ್ಟೋರು ನೀವು ಅಂತ ಫೋಟೋ ಹಿಂದೆ ಬರೀತೀನಿ."

ಸ್ಟೇರಿಂಗಿನ ಒಂದು ಕಡೆ ಸೀಳು ಬಿಟ್ಟಿತ್ತು. ಮದುಮಗಳ ಕೈಗೆ ಚುಚ್ಚಬಾರದೆಂದು ಮಾವ ಅಲ್ಲಿಗೆ ಹಸಿರು ನೈಲಾನ್ ದಾರ ಒತ್ತೊತ್ತಾಗಿ ಸುತ್ತಿದ್ದರು. ಆ ದಾರದ ನುಣುಪು ನನ್ನ ಅಂಗೈಗೂ ಗೊತ್ತು. ನನ್ನ ಫೋಟೋದಲ್ಲಿ ನಾನು ಅದನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೇನೆಂದರೆ ಬೆರಳಿನ ಗೆಣ್ಣುಗಳು ಬೆಳ್ಳಗೆ ಕಾಣುತ್ತವೆ. ಮದುವೆ ಬಾಳಲಿಲ್ಲ. ಹೊನ್ನಾಳಿಯ ಗಂಡನ ಮನೆ ಬಿಟ್ಟು ಬಂದಾಗ ಊರೆಲ್ಲ ನನ್ನನ್ನು ಪ್ರಶ್ನೆ ಕೇಳುತ್ತಿತ್ತು. ಮಾವ ಏನನ್ನೂ ಕೇಳದೆ ಸ್ಟುಡಿಯೋದ ಜಗಲಿಯಲ್ಲಿ ಜೆರಾಕ್ಸ್ ಮಿಷನ್ನು, ಕಂಪ್ಯೂಟರು ಇಟ್ಟುಕೊಳ್ಳಲು ಜಾಗ ಕೊಟ್ಟರು. ಬಾಡಿಗೆ ಎಷ್ಟೆಂದು ಕೇಳಿದ್ದಕ್ಕೆ, "ಸಂಜಿಗೆ ಚಾ ಕುಡಿಯಾಕೆ ಒಬ್ರು ಜತೆ ಆದ್ರಲ್ಲ, ಸಾಕು ಬಿಡು" ಅಂದರು. ಅಂದಿನಿಂದ ನನ್ನ ಅನ್ನ ಆ ಜಗಲಿಯದು.

ಮೊಬೈಲು ಬಂದಮೇಲೆ ಕಾರಿನಲ್ಲಿ ಕೂರಲು ಯಾರೂ ಬರಲಿಲ್ಲ. ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೋ ಒಂದೇ ಉಳಿಯಿತು. ಕಾರಿನ ಟೈರು ಕೂತವು, ಸೀಟಿನಲ್ಲಿ ಇಲಿ ಮರಿ ಹಾಕಿತು. ಆಮೇಲೆ ಮಾವನ ಬಾಯಲ್ಲಿ ಹುಣ್ಣು ಕಾಣಿಸಿಕೊಂಡಿತು. ಖಾರ ತಿನ್ನಲಾಗದೆ ಬರೀ ಮೊಸರನ್ನ ಉಣ್ಣುತ್ತಾ, ಉಷ್ಣ ಅಂತ ಹೇಳಿಕೊಂಡು ಬಹಳ ದಿನ ತಳ್ಳಿದರು. ಅಡಿಕೆಯಿಂದಲೇ ಮನೆ ಕಟ್ಟಿದ ಊರು ನಮ್ಮದು, ಅಡಿಕೆಯ ಮೇಲೆ ಯಾರೂ ಅನುಮಾನಪಡಲಿಲ್ಲ. ದಾವಣಗೆರೆಯ ಡಾಕ್ಟರು ಮಾತ್ರ ನೋಡಿದ ಕೂಡಲೇ, ಕೆನ್ನೆಯ ಜೊತೆಗೆ ದವಡೆಯನ್ನೂ ತೆಗೆಯಬೇಕು, ಆಮೇಲೆ ಮಾತು ಬರುವುದು ಕಷ್ಟ ಎಂದರು.

ದಾವಣಗೆರೆಯಿಂದ ಬಂದವರು ಸೀದಾ ನನ್ನ ಮೇಜಿನ ಹತ್ತಿರ ಬಂದು ನಿಂತರು.

"ತಾಯಿ, ಕಾರು ಮಾರಾಕೆ ಹಾಕು."

ಈಗ ಯಾಕೆ ಮಾವ, ಆಪರೇಷನ್ ಮುಗೀಲಿ ಅಂದೆ.

"ನಾನು ವಾಪಸ್ ಬರದೇ ಹೋದ್ರೆ ಗುಜರಿಯೋರನ್ನ ತಡೆಯಾಕೆ ನಿಮ್ಮತ್ತೆ ಕೈಲಿ ಆಗಲ್ಲ. ಕತ್ತರಿಸಿ ತೂಕಕ್ಕೆ ಹಾಕ್ತಾರೆ. ಇಡೀ ಕಾರು ಒಬ್ರ ಕೈಗೆ ಹೋಗ್ಲಿ. ಒಂದಿನನಾದ್ರೂ ಅದು ಓಡ್ಬೇಕು."

ನಾನು ಇಂಟರ್ನೆಟ್ಟಿನ ಜಾಹೀರಾತಿಗೆ "ಉತ್ತಮ ಸ್ಥಿತಿಯಲ್ಲಿದೆ" ಎಂದು ಟೈಪು ಮಾಡಿದೆ. ಪಕ್ಕದಲ್ಲೇ ಕೂತು ಅಳಿಸಿಹಾಕಿಸಿದರು. ತಳ ತುಕ್ಕು ಹಿಡಿದಿದೆ, ಎಂಜಿನ್ ಜಾಮ್ ಆಗಿದೆ, ಸೀಟು ಇಲಿ ತಿಂದಿದೆ, ಎಲ್ಲವನ್ನೂ ಬರೆಸಿದರು. ಬೆಲೆಯನ್ನು ತೀರಾ ಕಡಿಮೆ ಇಟ್ಟರು. ಕೊಂಡವನ ಹತ್ತಿರ ರಿಪೇರಿಗೆ ದುಡ್ಡು ಉಳಿಯಬೇಕಲ್ಲ ಎಂಬುದು ಅವರ ಲೆಕ್ಕ. ತಾಲ್ಲೂಕಿನ ಕಪ್ಪು ಮದುಮಗಂದಿರನ್ನೆಲ್ಲ ಬೆಳ್ಳಗೆ ಮಾಡಿ ಕಳಿಸಿದ ಮನುಷ್ಯ ಕಾರಿನ ಒಂದು ಗೀರನ್ನೂ ಮುಚ್ಚಲು ಬಿಡದಿದ್ದಾಗ ನಾನು ರೇಗಿಸಿದೆ. "ಮುಖಕ್ಕೆ ಟಚಪ್ ಮಾಡ್ತೀನಿ ತಾಯಿ, ಮಾರೋ ಸಾಮಾನಿಗೆ ಮಾಡಲ್ಲ" ಅಂದರು. ಸರಿಮಾಡಿಸಿ ಓಡಿಸುವವರಿಗೆ ಮಾತ್ರ ಎಂಬ ಕೊನೆಯ ಸಾಲನ್ನು ಅವರೇ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು.

ನ್ಯಾಮತಿಯಿಂದ ಗುಜರಿಯವನೊಬ್ಬ ಬಂದು ಕಾರಿನ ಮೈತುಂಬ ಅಯಸ್ಕಾಂತ ಹಚ್ಚಿ ನೋಡಿದ. ಹೆದ್ದಾರಿಯ ಹೋಟೆಲಿನವನೊಬ್ಬ ಎಂಜಿನ್ ಕಿತ್ತು ಅಲ್ಲಿ ಹೂಕುಂಡ ಇಡುತ್ತೇನೆ ಎಂದ. ಇಬ್ಬರಿಗೂ ಮಾವ ಚಾ ಕುಡಿಸಿ ಕಳಿಸಿದರು. ಕೊನೆಗೆ ಜಗಳೂರಿನಿಂದ ಒಬ್ಬ ಬಂದ. ಮೂವತ್ತರ ಆಸುಪಾಸಿನವನು, ಹಳೇ ಗಾಡಿಗಳ ಹುಚ್ಚಿದೆ ಎಂದ. ಚೀಲದಿಂದ ಒಂದು ಫ್ರೇಮು ತೆಗೆದ. ಅವನ ಅಪ್ಪ ಅವ್ವ ಅದೇ ಕಾರಿನಲ್ಲಿ ಕೂತಿದ್ದರು, ಅವ್ವನ ಕೈ ಸ್ಟೇರಿಂಗಿನ ಮೇಲಿತ್ತು. ಮಾವನಿಗೆ ಇನ್ನೇನೂ ಬೇಕಾಗಲಿಲ್ಲ. ಎಂಜಿನ್ ಶುರುವಾದ ದಿನ ಇಲ್ಲಿಗೆ ಓಡಿಸಿಕೊಂಡು ಬರಬೇಕು ಎಂಬ ಒಂದೇ ಮಾತಿಗೆ ಕೈ ಮೇಲೆ ಕೈ ಹಾಕಿಸಿಕೊಂಡು ಒಪ್ಪಿಬಿಟ್ಟರು.

ಕಾರು ಒಯ್ಯಲು ಲಾರಿ ಬರುವ ದಿನ ಬೆಳಿಗ್ಗೆ ಅತ್ತೆ ರೇಷ್ಮೆ ಸೀರೆ ಉಟ್ಟು ಹೊರಗೆ ಬಂದರು. ಊರಿನವರನ್ನೆಲ್ಲ ಕೂರಿಸಿದ ಕಾರಿನಲ್ಲಿ ಅವರಿಬ್ಬರು ಒಮ್ಮೆಯೂ ಕೂತಿರಲಿಲ್ಲ, ಇಬ್ಬರೂ ಜೊತೆಗಿದ್ದ ಒಂದು ಫೋಟೋವೂ ಇರಲಿಲ್ಲ. ಯಾವಾಗಲೂ ಕ್ಯಾಮೆರಾ ಮಾವನ ಕೈಯಲ್ಲೇ ಇರುತ್ತಿತ್ತಲ್ಲ. ಆ ದಿನ ಅದನ್ನು ನನ್ನ ಕೈಗೆ ಕೊಟ್ಟರು. ಅತ್ತೆ ಎಡಕ್ಕೆ ಕೂತು ಸ್ಟೇರಿಂಗ್ ಹಿಡಿದರು. ಮಾವನ ಕೆನ್ನೆ ಬಾತು ಹೊಳೆಯುತ್ತಿತ್ತು. ಜೀವಮಾನವೆಲ್ಲ "ಇಲ್ಲಿ ನೋಡ್ರಿ" ಎಂದು ಕೂಗಿದವರು ಕ್ಯಾಮೆರಾ ನೋಡದೆ ಅತ್ತೆಯ ಕಡೆ ಮುಖ ತಿರುಗಿಸಿದರು. ಹಾಗೆ ತಿರುಗಿದರೆ ಕೆನ್ನೆ ಕಾಣುವುದಿಲ್ಲ ಎಂಬ ಲೆಕ್ಕ ಇದ್ದಿರಬಹುದು. ಆದರೆ ನಾನು ಕ್ಲಿಕ್ ಮಾಡಿದ ಮೇಲೂ ಅವರು ಅತ್ತೆಯನ್ನೇ ನೋಡುತ್ತಿದ್ದರು.

ಆಪರೇಷನ್ ಆಯಿತು. ಅರ್ಧ ಮುಖ ಇಲ್ಲದ ಮಾವ ಮೂಗಿಗೆ ನಳಿಕೆ ಹಾಕಿಸಿಕೊಂಡು ಮನೆಗೆ ಬಂದರು. ಗಂಜಿ, ಹಾಲು ಎಲ್ಲ ಅದರಲ್ಲೇ. ಮಾತು ಹೋಗಿತ್ತು. ಜಗಳೂರಿನ ಹುಡುಗ ಫೋನಿಗೆ ಚಿತ್ರ ಕಳಿಸುತ್ತಿದ್ದ: ಬಣ್ಣ ಕೆರೆದ ಬಾಗಿಲು, ಕೆಳಗಿಳಿಸಿದ ಎಂಜಿನ್. ಮಾವ ಅವನ್ನು ದೊಡ್ಡದು ಮಾಡಿಕೊಂಡು ನೋಡುತ್ತಿದ್ದರು. ಬೀದಿಯಲ್ಲಿ ಗಾಡಿ ಜೋರಾಗಿ ಗುಡುಗಿದರೆ ಕತ್ತು ಎತ್ತುತ್ತಿದ್ದರು. ಆಮೇಲೆ ಚಿತ್ರಗಳು ನಿಂತವು.

ಒಂದು ಸಂಜೆ ಚಾ ಹೊತ್ತಿಗೆ ಮಾವ ಫೋನನ್ನು ನನ್ನ ಮುಂದೆ ಹಿಡಿದರು. ನಾವು ಕಾರನ್ನು ಮಾರಾಟಕ್ಕೆ ಹಾಕಿದ್ದ ವೆಬ್‌ಸೈಟಿನಲ್ಲೇ ಒಂದು ಸ್ಟೇರಿಂಗ್ ಮಾರಾಟಕ್ಕಿತ್ತು. ಹಸಿರು ದಾರ ಸುತ್ತಿದ ಸ್ಟೇರಿಂಗ್. ಕೆಳಗೆ ಬಾಗಿಲು ಬೇರೆ, ದೀಪ ಬೇರೆ. ನಾನು ಒಳಗೆ ಹೋಗಿ ಆ ಹುಡುಗನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಎಂಜಿನ್ನಿಗೆ ಸಾಮಾನು ಎಲ್ಲೂ ಸಿಗಲಿಲ್ಲವಂತೆ. "ಇಡೀ ಕಾರಿಗೆ ಯಾರೂ ಬರಲ್ಲ ಮೇಡಂ, ಬಿಡಿ ಬಿಡಿಯಾಗಿ ಕೇಳ್ತಾರೆ" ಅಂದ. ಹೊರಗೆ ಬಂದು ನೋಡಿದರೆ ಮಾವ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, ಖಾಲಿ ಚಪ್ಪರ ನೋಡುತ್ತಾ ಕೂತಿದ್ದರು. ಆಮೇಲೆ ಅವರು ಆ ಫೋನು ಮುಟ್ಟಲಿಲ್ಲ. ಮಳೆಗಾಲ ಶುರುವಾಗುವ ಮೊದಲೇ ಹೋಗಿಬಿಟ್ಟರು. ಆ ಹುಡುಗನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಮಾವನ ಶಿವಗಣಾರಾಧನೆಗೆ ಹೂ ಹಾಕಲು ಫೋಟೋ ಬೇಕಾಯಿತು. ಊರಿಗೆಲ್ಲ ಫೋಟೋ ತೆಗೆದವರದು ಕಾರಿನಲ್ಲಿ ಕೂತದ್ದೊಂದೇ ಇತ್ತು. ಬದುಕಿರುವವರ ಫೋಟೋಗೆ ಹಾರ ಹಾಕಬಾರದು, ಅತ್ತೆಯನ್ನು ಬಿಟ್ಟು ಮಾವನನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿಕೊಡು ಎಂದು ಅತ್ತೆಯ ಮೈದುನ ಹೇಳಿದರು. ನಾನು ಕಂಪ್ಯೂಟರಿನಲ್ಲಿ ಗೆರೆ ಎಳೆದೆ. ಅತ್ತೆ ಇಲ್ಲದ ಮಾವ ಏನನ್ನೂ ನೋಡದೆ ಪಕ್ಕಕ್ಕೆ ತಿರುಗಿ ಕೂತಂತೆ ಕಾಣುತ್ತಿದ್ದರು. ಅತ್ತೆ ನನ್ನ ಹಿಂದೆ ಬಂದು ನಿಂತಿದ್ದು ಗೊತ್ತಾಗಲಿಲ್ಲ.

"ಕತ್ತರಿಸಬ್ಯಾಡ" ಅಂದರು. "ಇವರನ್ನ ಕತ್ತರಿಸಿದ್ರು, ಕಾರು ಕತ್ತರಿಸಿದ್ರು. ಇದೊಂದು ಹಂಗೇ ಇರ್ಲಿ."

ಹಾಗಾದರೆ ಹಾರ ಹಾಕಲಾಗುವುದಿಲ್ಲ ಎಂದು ಮೈದುನ ಮೆಲ್ಲಗೆ ನೆನಪಿಸಿದರು.

"ಬ್ಯಾಡ ಬಿಡ್ರಿ" ಅಂದರು ಅತ್ತೆ.

ಆ ಫೋಟೋ ಈಗ ನನ್ನ ಮೇಜಿನ ಮೇಲಿನ ಗೋಡೆಯಲ್ಲಿದೆ, ಹೂವಿಲ್ಲದೆ, ಕುಂಕುಮವಿಲ್ಲದೆ. ಜೆರಾಕ್ಸಿಗೆ ಬರುವ ದೂರದ ಊರಿನವರು ಅದನ್ನು ನೋಡಿ, ಸ್ಟುಡಿಯೋದವರು ಇವತ್ತು ಎಲ್ಲಿಗೆ ಹೋಗಿದ್ದಾರೆ ಎಂದು ಕೇಳುತ್ತಾರೆ. ಒಳಗೆ ಅತ್ತೆಗೆ ಕೇಳಿಸುತ್ತದೆಂದು ನಾನು, ಈಗ ಬರ್ತಾರೆ ಕೂತ್ಕೊಳ್ರಿ, ಅನ್ನುತ್ತೇನೆ.