ಪರ್ಮನೆಂಟ್ ಮಾಳಿಗೆ

ಬೆಳಿಗ್ಗೆ ಮನೆಗೆ ಬಣ್ಣದ ಡಬ್ಬಿ ಬಂತು. ತಾರಸಿ ಸೋರುತ್ತಿದೆಯೆಂದು ಕರೆಸಿದ ಪೇಂಟರ್ ಡಬ್ಬಿ ತಟ್ಟಿ, "ಒಮ್ಮೆ ಬಳದ್ರ ಪರ್ಮನೆಂಟ್ ರೀ ಸರ" ಅಂದ. ಇಂಗ್ಲಿಷ್ ಮಾಸ್ತರನ ಚಟ ನೋಡಿ, ನಿವೃತ್ತನಾದರೂ ಬಿಡದು. ಒಳಗೆ ಹೋಗಿ ನಿಘಂಟು ತೆಗೆದೆ. 'ಪರ್ಮನೆಂಟ್' ಲ್ಯಾಟಿನ್ನಿನಿಂದ ಬಂದದ್ದಂತೆ. 'ಪೆರ್' ಎಂದರೆ ಕೊನೆಯತನಕ, 'ಮನೇರೆ' ಎಂದರೆ ಉಳಿಯುವುದು. ಜೀವಮಾನವೆಲ್ಲ ಆ ಶಬ್ದದ ಅರ್ಥ ಹೇಳಿದವನು ಅದರ ಬೇರು ನೋಡಿರಲೇ ಇಲ್ಲ.

ಎಂಬತ್ತರ ದಶಕದಲ್ಲಿ ನಾನು ಯರಗುಪ್ಪಿಯಲ್ಲಿ ಟೆಂಪರರಿ ಮಾಸ್ತರ. ಗಂಗವ್ವನೆಂಬ ಒಂಟಿ ಹೆಂಗಸಿನ ಮನೆಯಲ್ಲಿ ಬಾಡಿಗೆ ಕೋಣೆ. ಇಂದೋ ನಾಳೆಯೋ ಹೊರಡುವವನೆಂದು ಟ್ರಂಕು ಬಿಚ್ಚಿರಲಿಲ್ಲ, ಗೋಡೆಗೊಂದು ಮೊಳೆ ಹೊಡೆದಿರಲಿಲ್ಲ. ಊರವರ ಸ್ನೇಹವನ್ನೂ ಅಷ್ಟೇ ದೂರ ಇಟ್ಟಿದ್ದೆ. ಶಾಲೆ ಬಿಟ್ಟ ಮೇಲೆ ಮಾತಿಗೆ ನನಗೆ ನಾನೇ ಗತಿ.

ಅಲ್ಲಿ ಮನೆಗಳಿಗೆ ಮಣ್ಣಿನ ಮಾಳಿಗೆ, ಅಂದರೆ ಮಣ್ಣಿನದೇ ತಾರಸಿ. ಪ್ರತಿ ವರ್ಷ ಮಳೆಗೆ ಮುಂಚೆ ನೀರು ಇಳಿಯಗೊಡದ ಹೊಸ ಸವಳು ಮಣ್ಣು ಹರವಿ ತುಳಿಯಬೇಕು.

"ಸರ, ಮಾಳಗಿಗೆ ಮಣ್ಣ ಹಾಕೂಣು, ಬರ್ರಿ," ಅಂದಳು ಗಂಗವ್ವ.

"ನಾ ಇನ್ನೂ ಕಾಯಂ ಆಗಿಲ್ಲವ್ವಾ. ಮಳಿಗಾಲಕ್ಕ ಎಲ್ಲಿರ್ತೀನೋ ಏನೋ."

"ಮಳಿ ಅದನ್ನೆಲ್ಲಾ ಕೇಳೂದಿಲ್ರಿ. ಇದ್ದವ್ರ ತಲಿ ಮ್ಯಾಲೆ ಸೋರತೈತಿ. ಬುಟ್ಟಿ ಹಿಡೀರಿ."

ಹಿಡಿದೆ. ಮಾಳಿಗೆಯ ಮೇಲೆ ನಾನು ಕುಣಿದ ರೀತಿಗೆ ಬಾಜೂ ಮನೆಯವರೆಲ್ಲ ನಕ್ಕರು; ಮಧ್ಯಾಹ್ನ ಅವರೇ ರೊಟ್ಟಿ ತಂದರು. ಮುಂದಿನ ವರ್ಷ ಯಾರೂ ಕರೆಯುವ ಮೊದಲೇ ಬುಟ್ಟಿ ನನ್ನ ಕೈಯಲ್ಲಿತ್ತು. ಅಷ್ಟರಲ್ಲಿ ಟ್ರಂಕು ಬಿಚ್ಚಿಯಾಗಿತ್ತು, ಗೋಡೆಗೆ ಮೊಳೆಯೂ ಬಿದ್ದಿತ್ತು.

ಆಮೇಲೆ ಆರ್ಡರ್ ಬಂತು. ನಾನು ಪರ್ಮನೆಂಟ್; ಆದರೆ ಬೇರೆ ಜಿಲ್ಲೆಯಲ್ಲಿ. ಪೇಢೆ ಹಂಚಿದೆ. ಗಂಗವ್ವ ಪೇಢೆಯನ್ನು ಬಾಯಿಗಿಡದೆ ಕೈಯಲ್ಲೇ ಹಿಡಿದು ನಿಂತಳು.

"ಕಾಯಂ ಆದ್ರ ಇಲ್ಲೇ ಇರ್ತೀರಿ ಅಂತ ತಿಳದಿದ್ನೆಲ್ರಿ ಸರ."

ಮತ್ತೆ ಟ್ರಂಕು ಕಟ್ಟಿದೆ. ಆಮೇಲೆ ಊರೂರು ತಿರುಗಿದೆ, ಹೋದಲ್ಲೆಲ್ಲ ಪರ್ಮನೆಂಟ್ ಆಗಿಯೇ. ಸಂಸಾರವೊಂದು ಕಟ್ಟಲಾಗಲಿಲ್ಲ. ಹುಬ್ಬಳ್ಳಿಯ ಈ ಮನೆ ಈಗ ನನ್ನದೇ. ಬಾಗಿಲು ಬಡಿದು "ಬರ್ರಿ" ಅನ್ನುವವರಿಲ್ಲ. ಬೇಸರ, ಬಹಳ ಬೇಸರ.

ನಿಘಂಟು ಮುಚ್ಚಿ ತಾರಸಿ ಹತ್ತಿದೆ. ಪೇಂಟರ್ ಇನ್ನೂ ಡಬ್ಬಿ ಬಿಚ್ಚುತ್ತಿದ್ದ.

"ಮುಂದಿನ ವರ್ಷ ಬರ್ತೀಯೇನಪಾ?"

"ಯಾಕ್ರಿ ಸರ? ಮತ್ತ ಬರೂ ಕೆಲಸಾನ ಇಲ್ಲ, ಅಷ್ಟ ಗಟ್ಟಿ ಐತಿ."

"ವರ್ಷಾ ವರ್ಷಾ ಬಂದು ಹಚ್ಚೂವಂಥಾದ್ದು ಏನರ ಐತೇನು?"

"ಸುಣ್ಣಾ ಐತ್ರಿ, ಪ್ರತಿ ವರ್ಷ ಮಳಿಗಿಂತ ಮೊದಲ ಬಳದ್ರ ಸೋರೂದಿಲ್ಲ. ಅದನ್ನ ಈಗ ಯಾರ ಹಚ್ಚಸ್ತಾರ್ರಿ?"

"ಡಬ್ಬಿ ಮುಚ್ಚು," ಅಂದೆ. "ಸುಣ್ಣಾ ತಗೊಂಡ ಬಾ. ಬುಟ್ಟಿ ನಾ ಹಿಡೀತೀನಿ."