ನೀರಿನ ಮೇಲಿನ ಮನೆ ನೋಡಲು ಹೋದದ್ದು

ಆ ಕಾಲದಲ್ಲಿ ನಮ್ಮ ಕಡೆ ಹೆಣ್ಣು ಕೊಡುವವರು ಹುಡುಗನನ್ನು ನೋಡಿದ್ದಕ್ಕಿಂತ ಹುಡುಗನ ಮನೆಯನ್ನು ನೋಡಿದ್ದೇ ಹೆಚ್ಚು. ಹಿರಿಯರು ನಾಲ್ಕು ಜನ ಬಂದು, ಕಾಫಿ ಕುಡಿಯುವ ನೆಪದಲ್ಲಿ ಕೊಟ್ಟಿಗೆಗೆ ಹೋಗಿ ದನದ ಮೈ ಸವರುತ್ತಿದ್ದರು, ಬಾವಿಗೆ ಇಣುಕುತ್ತಿದ್ದರು, ರೇಷ್ಮೆ ಹುಳದ ತಟ್ಟೆ ಎಳೆದು ನೋಡುತ್ತಿದ್ದರು. ಹೆಂಗಸರು ಒಳಗೆ ನುಗ್ಗಿದರೆ ಉಪ್ಪಿನಕಾಯಿ ಜಾಡಿಯ ಮುಚ್ಚಳವನ್ನೂ ಬಿಡುತ್ತಿರಲಿಲ್ಲ. ನಿಮ್ಮ ಊರಲ್ಲೂ ಹೀಗೇ ಇತ್ತು ತಾನೆ? ನನ್ನ ಸೋದರಮಾವನ ಮನೆ ನೋಡಲು ಮಾತ್ರ ಮಂಗಳೂರಿನಿಂದ ಮುಂಬಯಿವರೆಗೆ ಸಮುದ್ರದ ಮೇಲೆ ಐದು ದಿನ ಹೋಗಬೇಕಾಯಿತು.

ಮಾದೇವಮಾವ ಕೂಟಗಲ್ಲಿನವನು, ಅವ್ವನ ಒಬ್ಬನೇ ತಮ್ಮ. ಮುಂಬಯಿಯ ಸಾಹುಕಾರರೊಬ್ಬರ ಸ್ವಂತ ಬೋಟಿನಲ್ಲಿ ಅಡಿಗೆಯವನಾಗಿದ್ದ. ವರ್ಷದಲ್ಲಿ ಹತ್ತು ತಿಂಗಳು ಅದರಲ್ಲೇ ವಾಸ. ‘ಕಂಡೋರ ಎಂಜಲು ತಟ್ಟೆ ತೊಳೆಯೋನ್ಗೆ ಹೆಣ್ಣು ಕೊಡಾಕಿಲ್ಲ’ ಎಂದು ಎರಡು ಸಂಬಂಧ ಮುರಿದಿದ್ದವು. ಮೂರನೆಯದು ಮಾಗಡಿಯಿಂದ ಬಂದಾಗ ಅವ್ವ ಹಿಂದೆಮುಂದೆ ನೋಡದೆ, “ನನ್ ತಮ್ಮ ಆ ಬೋಟಿನ ಕ್ಯಾಪ್ಟನ್ನು, ಅವ್ನೇ ಓಡ್ಸೋದು” ಎಂದುಬಿಟ್ಟಳು.

ಹುಡುಗಿಯ ಹೆಸರು ಸವಿತಾ. ತಾಯಿ ಇಲ್ಲದ ಅವಳನ್ನು ಸಾಕಿದ್ದು ಅವಳ ದೊಡ್ಡಮ್ಮ ಗೌರಮ್ಮ. ನಾನು ಆಕೆಯನ್ನು ಗೌರಜ್ಜಿ ಎನ್ನುತ್ತಿದ್ದೆ. ಕೂಟಗಲ್ಲಿನ ಮನೆ ತೋರಿಸಿದರೆ ಆಕೆ ಒಪ್ಪಲಿಲ್ಲ.

“ಇದು ನಿಮ್ಮನೆ. ಹುಡ್ಗ ಇರೋದೆಲ್ಲಿ? ನಾನು ಅದ್ನ ನೋಡ್ಬೇಕು.”

“ಅಯ್ಯೋ ಗೌರಕ್ಕ, ಅದು ನೀರ್ ಮ್ಯಾಲೈತೆ.”

“ಇರ್ಲಿ. ಹತ್ತುದ್ರಾಯ್ತು.”

ಆ ಬೇಸಿಗೆ ಸಾಹುಕಾರರು ಮನೆಮಂದಿಯನ್ನೆಲ್ಲ ಹತ್ತಿಸಿಕೊಂಡು ಎರಡು ತಿಂಗಳು ಕೊಚ್ಚಿ, ಲಕ್ಷದ್ವೀಪ ಎಂದು ಸುತ್ತಿ, ಮಂಗಳೂರಿನಲ್ಲಿಳಿದು ವಿಮಾನ ಹತ್ತಿದ್ದರು. ಖಾಲಿ ಬೋಟನ್ನು ಮುಂಬಯಿಗೆ ಒಯ್ಯುವಾಗ ನಮ್ಮವರು ಮೂವರನ್ನು ಕರೆತರಲೇ ಎಂದು ಮಾವ ಕೇಳಿದ್ದಕ್ಕೆ ಅವರು ಹೂಂ ಅಂದಿದ್ದರು. ಅಪ್ಪನಿಗೆ ಬರಲಾಗಲಿಲ್ಲ, ಮನೆಯಲ್ಲಿ ರೇಷ್ಮೆ ಹುಳ ಪೊರೆ ಬಿಡಲು ನಾಲ್ಕನೇ ಜ್ವರಕ್ಕೆ ಕೂತಿತ್ತು. ಐದನೇ ಕ್ಲಾಸಿನ ಪರೀಕ್ಷೆ ಮುಗಿಸಿದ್ದ ಹುಡುಗಿ ನಾನು, ಅವ್ವನ ಜೊತೆ ಮಂಗಳೂರಿನ ಬಸ್ಸು ಹತ್ತಿದೆ. ಮುಂದಿನ ಸೀಟಿನಲ್ಲಿ ಗೌರಜ್ಜಿ ನಿಂಬೆಹಣ್ಣು ಮೂಸುತ್ತಾ ಕೂತಿದ್ದರೆ, ಹಿಂದೆ ಅವ್ವ ನನ್ನ ಕಿವಿಯಲ್ಲಿ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು.

“ಮಾವಂದು ಏನ್ ಕೆಲ್ಸ?”

“ಕ್ಯಾಪ್ಟನ್.”

“ಬಾಯಿ ಬುಟ್ಟೀಯ, ಜೋಕೆ. ಈ ಸಲವೂ ತಪ್ಪೋದ್ರೆ ಅವ್ನು ಊರ್ಗೇ ಬರಾಕಿಲ್ಲ ಅಂತವ್ನೆ.”

ಮಾವನೆಂದರೆ ನನಗೆ ಪ್ರಾಣ. ಊರಿಗೆ ಬಂದಾಗಲೆಲ್ಲ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆರೆ ಏರಿ ಸುತ್ತಿಸುತ್ತಿದ್ದವನು ಇನ್ನು ಬರುವುದೇ ಇಲ್ಲವೆಂದರೆ? ಬಾಯಿಗೆ ಬೀಗ ಹಾಕಿಕೊಂಡೆ.

ಬೋಟು ಬೆಳ್ಳಗೆ, ಐದಾರು ಎತ್ತಿನಗಾಡಿಗಳಷ್ಟು ಉದ್ದವಿತ್ತು. ಡೀಸೆಲ್ಲು, ಉಪ್ಪುನೀರು, ಮೀನು, ಮೂರೂ ಸೇರಿದ ವಾಸನೆ. ನಿಜವಾದ ಕ್ಯಾಪ್ಟನ್ ಮಂಗಳೂರಿನ ಬಾಬಣ್ಣ ಎಂಬ ನರೆಗೂದಲಿನವರು. ಮಾವ ವಿಷಯ ಹೇಳಿಕೊಂಡಿದ್ದಕ್ಕೆ, “ಐದು ದಿವಸ ತಾನೆ ಮಾರಾಯ, ನಾನೇ ಅಡಿಗೆಭಟ್ಟ” ಎಂದು ನಕ್ಕು ತಮ್ಮ ಬಿಳಿ ಟೋಪಿಯನ್ನು ಮಾವನ ತಲೆಗಿಟ್ಟು ಕೆಳಗಿನ ಅಡಿಗೆಕೋಣೆ ಸೇರಿದ್ದರು. ಮೇಲೆ ಮಾವ ಚಕ್ರ ಹಿಡಿದು ಕಲ್ಲಿನಂತೆ ನಿಂತಿರುತ್ತಿದ್ದ. ಕೆಳಗಿನ ಕಿಟಕಿಯಿಂದ ಬಾಬಣ್ಣ ಸೌಟಿನಲ್ಲಿ ಒಂದು ಸಲ ಕುಟ್ಟಿದರೆ ಎಡಕ್ಕೆ, ಎರಡು ಸಲ ಕುಟ್ಟಿದರೆ ಬಲಕ್ಕೆ. “ಅದೇನು ಅಷ್ಟೊತ್ತು ಕುಟ್ತಾನೆ ಆ ಭಟ್ಟ?” ಎಂದು ಗೌರಜ್ಜಿ ಕೇಳಿದಾಗ ಅವ್ವ, “ಮಸಾಲೆ ಕಣಕ್ಕ” ಎಂದಳು.

ಅಷ್ಟು ಕುಟ್ಟಿದ ಮೇಲೂ ಬಾಬಣ್ಣನ ಸಾರು ಬಾಯಿಗಿಡುವಂತಿರಲಿಲ್ಲ. ಗೌರಜ್ಜಿ ಊರಿಂದ ತಂದ ಹುರಿಹಿಟ್ಟು ಬೆಲ್ಲದಲ್ಲಿ ದಿನ ತಳ್ಳಿದರು. ಸುಮ್ಮನೆ ಕೂರುವ ಹೆಂಗಸಲ್ಲ. ಹಾಸಿಗೆ ಎತ್ತಿ ನೋಡಿದರು, ನೀರಿನ ಟ್ಯಾಂಕು ಎಲ್ಲಿದೆ ಎಂದು ಕೇಳಿದರು, ಅಕ್ಕಪಕ್ಕದ ಮನೆಯವರೇ ಇಲ್ಲವಲ್ಲ ಎಂದು ಪೇಚಾಡಿದರು. ಮಧ್ಯಾಹ್ನ ನಾನೂ ಅವರೂ ಬೋಟಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು ಆಡುತ್ತಿದ್ದೆವು. ಬೋಟು ವಾಲಿದಾಗ ಕಾಯಿಗಳೆಲ್ಲ ಜಾರಿ ಅವರ ಕಾಯಿ ತಾನಾಗಿ ನಡುವಿನ ಹಣ್ಣಿನ ಮನೆ ಸೇರುತ್ತಿತ್ತು. “ನಾನೇನ್ ಮಾಡ್ಲವ್ವ, ಸಮುದ್ರವೇ ನನ್ ಕಡೀಕೈತೆ” ಎಂದು ಅವರು ಒಂದಿಷ್ಟೂ ನಾಚಿಕೆಯಿಲ್ಲದೆ ಗೆದ್ದುಬಿಡುತ್ತಿದ್ದರು.

ಮೂರನೇ ದಿನ ಗಾಳಿ ಎದ್ದಿತು. ಗೌರಜ್ಜಿ ವಾಂತಿ ಮಾಡಿಕೊಂಡು ಮುದುಡಿ ಮಲಗಿದರು. ಬಾಬಣ್ಣ ಚಕ್ರದ ಬಳಿ ಓಡಿದ್ದನ್ನು ಅವರು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಮಾವ ಟೋಪಿ ಬಿಸಾಡಿ ಕೆಳಗಿಳಿದ. ಅರ್ಧ ಗಂಟೆಯಲ್ಲಿ ಜೀರಿಗೆ ಹಾಕಿದ ತೆಳ್ಳನೆ ರಾಗಿ ಅಂಬಲಿ ತಂದು, ಅಂಗೈಗೆ ಒಂದು ಹನಿ ಬಿಟ್ಟುಕೊಂಡು ಉಪ್ಪು ನೋಡಿ, ಅವರ ತಲೆ ಎತ್ತಿ ಹಿಡಿದು ಗುಟುಕು ಗುಟುಕಾಗಿ ಕುಡಿಸಿದ. ಗೌರಜ್ಜಿ ಕುಡಿಯುತ್ತಾ ಆ ಅಂಗೈಯನ್ನೇ ನೋಡುತ್ತಿದ್ದರು.

ಐದನೇ ದಿನ ಬೆಳಿಗ್ಗೆ ಮಬ್ಬಿನೊಳಗಿಂದ ಮುಂಬಯಿ ಕಾಣಿಸಿತು. ಮೊದಲು ಏನೂ ಇರಲಿಲ್ಲ, ಆಮೇಲೆ ಬೂದು ಬಣ್ಣದ ಗೋಡೆ, ಆಮೇಲೆ ಆ ಗೋಡೆಯಲ್ಲಿ ಸಾವಿರಾರು ಕಿಟಕಿ. ರಾಮನಗರದ ಬೆಟ್ಟಗಳನ್ನೇ ದೊಡ್ಡವೆಂದು ತಿಳಿದಿದ್ದ ನಾನು ಬಾಯಿ ತೆರೆದು ನಿಂತೆ. “ಇದೇನ್ ಊರವ್ವ, ನೀರ್ನಾಗೇ ನಿಂತಂಗೈತೆ” ಎಂದರು ಗೌರಜ್ಜಿ. ಬೋಟು ದಡದಿಂದ ದೂರವೇ ಲಂಗರು ಹಾಕಿತು. ಸಣ್ಣ ದೋಣಿಯಲ್ಲಿ ಕೂತು, ಪಾಚಿಗಟ್ಟಿದ ಮೆಟ್ಟಿಲ ಮೇಲೆ ಒಬ್ಬರ ಕೈ ಒಬ್ಬರು ಹಿಡಿದು ಹತ್ತಿದೆವು. ಎದುರಿಗೇ ಕಲ್ಲಿನ ದೊಡ್ಡ ಹೆಬ್ಬಾಗಿಲು, ಪಾರಿವಾಳ, ಮಹಡಿ ಮೇಲೆ ಮಹಡಿ ಇರುವ ಕೆಂಪು ಬಸ್ಸು.

ಮಾವ ಮತ್ತು ಅವ್ವ ತಿಂಡಿ ತರಲು ಹೋದಾಗ ಗೌರಜ್ಜಿ ನನ್ನನ್ನು ಸಮುದ್ರದ ಕಟ್ಟೆಯ ಮೇಲೆ ಪಕ್ಕಕ್ಕೆ ಕೂರಿಸಿಕೊಂಡರು. ಕೈಗೆ ಬಿಸಿ ಕಡಲೆಕಾಯಿ ಪೊಟ್ಟಣ ಕೊಟ್ಟರು.

“ಮಗ, ನಿಮ್ಮಾವಂದು ಏನ್ ಕೆಲ್ಸ?”

“ಕ್ಯಾಪ್ಟನ್.”

“ನಿಮ್ಮವ್ವನ ಮೇಲಾಣೆ ಮಾಡಿ ಹೇಳು.”

ಸುಳ್ಳು ಆಣೆ ಇಟ್ಟರೆ ಅವ್ವ ರಕ್ತ ಕಾರಿ ಸಾಯುತ್ತಾಳೆಂದು ನಮ್ಮ ಸ್ಕೂಲಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಒಂದು ಕಡೆ ಅವ್ವ, ಇನ್ನೊಂದು ಕಡೆ ಮಾವ. ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟೆ.

“ಅಡಿಗೆ ಮಾಡೋದು” ಎಂದು ಅತ್ತುಬಿಟ್ಟೆ.

ಗೌರಜ್ಜಿ ಸೆರಗಿನಿಂದ ನನ್ನ ಮುಖ ಒರೆಸಿದರು. ಪೊಟ್ಟಣವನ್ನು ಮತ್ತೆ ನನ್ನ ಕೈಗಿಟ್ಟರು.

ಮುಂಬಯಿ ನೋಡಿದ್ದೀಯಾ ಎಂದು ಈಗ ಯಾರಾದರೂ ಕೇಳಿದರೆ ನೋಡಿದ್ದೇನೆ ಎನ್ನುತ್ತೇನೆ, ಆದರೆ ನಿಜಕ್ಕೂ ನಾನು ಆ ದಿನವಿಡೀ ನೋಡಿದ್ದು ಗೌರಜ್ಜಿಯ ಮುಖ. ಮಾವ ಡಬ್ಬಲ್ ಬಸ್ಸಿನ ಮೇಲ್ಮಹಡಿಗೆ ಹತ್ತಿಸಿದ, ಗೋಲಿ ಸೋಡಾ ಕೊಡಿಸಿದ, ಅವ್ವ ಒಂದು ಹಸಿರು ಸೀರೆ ಕೊಂಡಳು. ನಾನು ಮಾತ್ರ ಮಾವನ ಮದುವೆ ಮುರಿದ ಪಾಪಿಯಾಗಿ ಎಲ್ಲರ ಹಿಂದೆ ನಡೆಯುತ್ತಿದ್ದೆ.

ಸಂಜೆ ಬೋಟಿಗೆ ಮರಳಿದ ಮೇಲೆ ಗೌರಜ್ಜಿ ನೇರವಾಗಿ ಅಡಿಗೆಕೋಣೆಗೆ ಹೋಗಿ ಕೂತರು.

“ಮಾದೇವ, ಇವತ್ತು ನೀನೇ ಅಡಿಗೆ ಮಾಡಪ್ಪ.”

ಅವ್ವನ ಮುಖ ಬಿಳಿಚಿಕೊಂಡಿತು. ಬಾಬಣ್ಣ ಟೋಪಿ ಯಾರದೆಂದು ತಿಳಿಯದವರಂತೆ ಆಕಾಶ ನೋಡಿದರು. ಮಾವ ಟೋಪಿ ತೆಗೆದಿಟ್ಟು, ಅಂಗಿಯ ತೋಳು ಮಡಿಸಿ ಉಪ್ಸಾರಿಗೆ ಎಸರಿಟ್ಟ. ಮುದ್ದೆ ತಿರುವಿದ. ಮೊದಲ ತಟ್ಟೆ ಬಾಬಣ್ಣನಿಗೆ ಕೊಟ್ಟ, ನನ್ನ ತಟ್ಟೆಗೆ ಖಾರ ಕಮ್ಮಿ ಮಾಡಿ ತುಪ್ಪ ಬಿಟ್ಟ. ಗೌರಜ್ಜಿ ಎರಡು ಮುದ್ದೆ ಉಂಡು ಕೈ ತೊಳೆದರು.

“ನೋಡಪ್ಪ, ಅಡಿಗೆ ಮಾಡೋದ್ರಾಗೆ ನಂಗೇನೂ ಬೇಜಾರಿಲ್ಲ. ಸುಳ್ಳು ಯೋಳಿದ್ದು ನಿಮ್ಮಕ್ಕ, ಅವಳ್ಗೆ ನಿನ್ ಮೇಲೆ ಆಸೆ. ಆದ್ರೆ ನೀನ್ ಐದ್ ದಿನ ಆ ಟೋಪಿ ಇಕ್ಕೊಂಡು ನಿಂತಿದ್ದೆ ನೋಡು, ಅದಕ್ಕೆ ನಂಗೆ ಭಯ. ನಾಳೀಕೆ ನಮ್ ಹುಡ್ಗೀಗೆ ನೀನೇ ಫೋನ್ ಮಾಡಿ ಯೋಳು. ಅವ್ಳು ಹೂಂ ಅಂದ್ರೆ ನಂದೂ ಹೂಂ.”

ಅವ್ವ ಏನೋ ಹೇಳಲು ಹೋದಳು. “ನೀವ್ ಸುಮ್ಕಿರಿ ಜಯಮ್ಮ” ಎಂದರು ಗೌರಜ್ಜಿ.

ಮರುದಿನ ಮತ್ತೆ ದಡಕ್ಕೆ ಹೋಗಿ ಎಸ್‌ಟಿಡಿ ಬೂತು ಹುಡುಕಿದೆವು. ಮಾಗಡಿಯಲ್ಲಿ ಪಕ್ಕದ ಮನೆಯ ಫೋನಿಗೆ ಸವಿತಕ್ಕನನ್ನು ಕರೆಸಿದರು. ಗಾಜಿನ ಬಾಗಿಲ ಒಳಗೆ ಮಾವ, ಹೊರಗೆ ನಾವು ಮೂವರು. ಅವನ ತುಟಿ ಅಲ್ಲಾಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಒಮ್ಮೆ ಬೆವರು ಒರೆಸಿಕೊಂಡ. ಅವ್ವ ನನ್ನ ಕೈಯನ್ನು ನೋಯುವಷ್ಟು ಹಿಸುಕಿದಳು. ಅವನು ಹೊರಗೆ ಬಂದಾಗ ಕಣ್ಣು ಕೆಂಪಗಿತ್ತು.

“ಏನಂದ್ಲಾ?” ಎಂದಳು ಅವ್ವ.

“ಮುದ್ದೆ ಗಂಟಿಲ್ದಂಗೆ ತಿರುವಾಕೆ ಬತ್ತದಾ ಅಂದ್ಲು. ಬತ್ತದೆ ಅಂದೆ. ‘ನಂಗೆ ಬರಾಕಿಲ್ಲ, ಸರಿ ಬುಡಿ’ ಅಂದ್ಲು.”

ಗೌರಜ್ಜಿ ಆ ಬೀದಿಯಲ್ಲೇ ಬಾಯಿಗೆ ಸೆರಗು ಹಿಡಿದು ನಕ್ಕರು. ನಾನು ಒಂದು ದಿನದ ಮೇಲೆ ಮೊದಲ ಸಲ ತಲೆ ಎತ್ತಿ ಆ ಊರನ್ನು ನೋಡಿದೆ. ಎಷ್ಟು ಚೆನ್ನಾಗಿತ್ತು ಮುಂಬಯಿ!

ಸವಿತಕ್ಕ ನನಗೆ ಅತ್ತೆಯಾಗಿ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಅವಳಿಗೆ ಇವತ್ತಿಗೂ ಮುದ್ದೆ ಬರುವುದಿಲ್ಲ. ಮಾವ ಬೋಟು ಬಿಟ್ಟು ಮೈಸೂರು ರಸ್ತೆಯಲ್ಲಿ ಸಣ್ಣ ಹೋಟೆಲು ಹಾಕಿಕೊಂಡಿದ್ದಾನೆ. ಬಾಬಣ್ಣನ ಸುದ್ದಿ ಎಷ್ಟೋ ವರ್ಷದಿಂದ ಇಲ್ಲ. ಗೌರಜ್ಜಿ ನಾನು ಕಾಲೇಜಿನಲ್ಲಿದ್ದಾಗ ಹೋಗಿಬಿಟ್ಟರು.

ನನ್ನ ಮದುವೆಯ ಹೊತ್ತಿಗೆ ಮನೆ ನೋಡುವ ಪದ್ಧತಿಯೂ ಹೋಗಿತ್ತು. ಹುಡುಗನ ಕಡೆಯವರು ಫೋನಿಗೆ ಫೋಟೋ ಕಳಿಸಿದರು: ಹಾಲ್, ಬಾಲ್ಕನಿ, ಹೊಳೆಯುವ ಅಡಿಗೆಮನೆ. ನಮ್ಮ ಮನೆಯಲ್ಲಿ ಎಲ್ಲರೂ ಒಬ್ಬರ ಕೈಯಿಂದ ಒಬ್ಬರು ಫೋನು ಇಸಿದುಕೊಂಡು ನೋಡಿದರು. ಒಂದು ಗಂಟೆಯ ದಾರಿ, ಆದರೂ ಯಾರಿಗೂ ಬಿಡುವಾಗಲಿಲ್ಲ. ಮದುವೆಯಾದ ಹನ್ನೊಂದು ತಿಂಗಳಿಗೆ ನಾನು ಆ ಮನೆಯಿಂದ ಒಂದು ಸೂಟ್‌ಕೇಸಿನೊಂದಿಗೆ ವಾಪಸು ಬಂದೆ. ಅವ್ವ ಬಾಗಿಲಲ್ಲಿ ನಿಂತು ನನ್ನ ತಲೆ ಸವರುತ್ತಾ, “ಫೋಟೋದಾಗೆ ಎಲ್ಲಾ ಚೆಂದಾಗೇ ಇತ್ತಲ್ಲವ್ವ” ಎಂದು ಅತ್ತಳು.

ಹೌದು, ಎಲ್ಲಾ ಚೆನ್ನಾಗೇ ಇತ್ತು. ಯಾರೂ ಹೋಗಿ ನೋಡಿರಲಿಲ್ಲ, ಅಷ್ಟೇ.